ಒಂದು ಕಣ್ಣು ನಿದ್ದೆ, ಒಂದು ಕಣ್ಣು ಎಚ್ಚರ

ನವೆಂಬರ್ 16, 2018. ಶುಕ್ರವಾರ

ಒಣ ಮೂಲಂಗಿ ನೆನೆಸಿದ್ದು ಹೆಚ್ಚಾಯಿತು. ಮೆಣಸಿನ ಪುಡಿ ಸಾಲದು, ನಾಳೆ ತರಬೇಕು. ಇವತ್ತೂ ಬಲಗಣ್ಣಿನ ರೆಪ್ಪೆಯನ್ನು ಪ್ಲಾಸ್ಟರಿನಿಂದ ಮೇಲಕ್ಕೆ ಎತ್ತಿಕಟ್ಟಿಕೊಂಡೇ ಪಲ್ಯದಂಗಡಿಯ ವ್ಯಾಪಾರ. ಬೆವರಿಗೆ ಬಿಟ್ಟುಹೋಗುತ್ತದೆ. ಬಿಟ್ಟರೆ ರೆಪ್ಪೆಗೂದಲು ಒಳಗೆ ಚುಚ್ಚಿ ಧಾರಾಕಾರ ಕಣ್ಣೀರು. ಈರುಳ್ಳಿ ಹೆಚ್ಚುತ್ತಿದ್ದೀರಾ ಅಂತ ಗಿರಾಕಿಗಳು ಕೇಳುತ್ತಾರೆ. ಹೌದು ಅಂದುಬಿಡುತ್ತೇನೆ.

ಗಾಯುನ್ ನಿನ್ನೆ ಕಾಲೇಜು ಪ್ರವೇಶದ ಪರೀಕ್ಷೆ ಮುಗಿಸಿದಳು. ಮೊಮ್ಮಗಳು ಇಷ್ಟುದ್ದ ಬೆಳೆದಳು. ಪರೀಕ್ಷೆ ಮುಗಿದ ಮಾರನೆಯ ದಿನವೇ ಸೊಸೆ ಅವಳ ರೆಪ್ಪೆಗೆ ಮಡಿಕೆ ಕೊಟ್ಟು ಕಣ್ಣು ದೊಡ್ಡದು ಮಾಡುವ ಆಪರೇಷನ್‌ಗೆ ದಿನ ಗೊತ್ತು ಮಾಡಲು ಹೊರಟಿದ್ದಾಳೆ. ತಾಯಂದಿರು ಕೊಡುವ ಉಡುಗೊರೆಯೇ ಅದಂತೆ ಈಗ. ಚಳಿಗಾಲದ ರಜೆ ಕಳೆಯುವಷ್ಟರಲ್ಲಿ ತರಗತಿಯ ಅರ್ಧ ಹುಡುಗಿಯರಿಗೆ ಹೊಸ ಕಣ್ಣು.

ಗಾಯುನ್‌ಗೂ ನನ್ನದೇ ಕಣ್ಣು. ಎಡಗಡೆ ರೆಪ್ಪೆಗೆ ಮಡಿಕೆ ಇದೆ, ಬಲಗಡೆಗೆ ಇಲ್ಲ. ನಾನು ಚಿಕ್ಕವಳಿದ್ದಾಗ "ಒಂದು ಕಣ್ಣು ನಿದ್ದೆ, ಒಂದು ಕಣ್ಣು ಎಚ್ಚರ" ಅಂತ ಹುಡುಗರು ಹಿಂದೆ ಬಿದ್ದು ಕೂಗುತ್ತಿದ್ದರು. ನನ್ನ ಮಗಳು ಯೊನ್‌ಸಿಲ್‌ಗೂ ಹಾಗೇ ಇತ್ತು.

ಇದನ್ನು ಸೊಸೆಗೆ ಹೇಳಲಿಲ್ಲ. ಅವಳ ಮಗಳು, ಅವಳ ಇಷ್ಟ.

ನವೆಂಬರ್ 21

ಸಾರ್ವಜನಿಕ ಸ್ನಾನದ ಮನೆಗೆ ಹೋಗಿದ್ದೆ. ಬಿಸಿನೀರಿನ ತೊಟ್ಟಿಯಲ್ಲಿ ಚೀಟಿ ಗುಂಪಿನ ಗೆಳತಿಯರೆಲ್ಲ ಸಾಲಾಗಿ. ಕಳೆದ ತಿಂಗಳು ಒಟ್ಟಿಗೇ ಹೋಗಿ ರೆಪ್ಪೆ ಮಾಡಿಸಿಕೊಂಡು ಬಂದಿದ್ದಾರೆ, ಗುಂಪಾಗಿ ಹೋದರೆ ರಿಯಾಯಿತಿಯಂತೆ. ಎಪ್ಪತ್ತರ ಮುದುಕಿಯರೆಲ್ಲ ಆಶ್ಚರ್ಯಪಟ್ಟವರ ಹಾಗೆ ಕಣ್ಣರಳಿಸಿ ಕೂತಿದ್ದರು. ನಗು ತಡೆಯಲಾಗಲಿಲ್ಲ.

ನಮ್ಮ ಕಾಲದಲ್ಲಿ ಹಾಗಿರಲಿಲ್ಲ. ಮೈ, ಕೂದಲು, ಚರ್ಮ ಎಲ್ಲ ಹೆತ್ತವರು ಕೊಟ್ಟದ್ದು, ಅದಕ್ಕೆ ಗೀರು ಬೀಳಬಾರದು ಅಂತ ಅಪ್ಪ ದಿನಾ ಹೇಳುತ್ತಿದ್ದರು. ಮಾಡಿಸಿಕೊಂಡವರು ಕಪ್ಪು ಕನ್ನಡಕ ಹಾಕಿ, ಕಣ್ಣುಬೇನೆ ಅಂತ ಸುಳ್ಳು ಹೇಳಿ ಓಡಾಡುತ್ತಿದ್ದರು. ಈಗ ಸ್ನಾನದ ಮನೆಯಲ್ಲಿ ಯಾವ ಡಾಕ್ಟರ ಹೊಲಿಗೆ ಚೆಂದ ಅಂತ ಚರ್ಚೆ.

ನೀನೊಬ್ಬಳೇ ಉಳಿದೆ ಅಂದರು. ಹೌದು. ನಾನೊಬ್ಬಳೇ.

ಕಣ್ಣಿನ ಡಾಕ್ಟರೂ ಅದನ್ನೇ ಹೇಳುತ್ತಿದ್ದಾರೆ. ಇದು ಚೆಂದದ ಮಾತಲ್ಲ ತಾಯೀ, ಕೂದಲು ಚುಚ್ಚಿ ಚುಚ್ಚಿ ಕಣ್ಣಿನ ಗುಡ್ಡೆ ಹುಣ್ಣಾಗಿದೆ, ರೆಪ್ಪೆ ಎತ್ತಿ ಹೊಲಿಯದಿದ್ದರೆ ದೃಷ್ಟಿಯೇ ಹೋಗುತ್ತದೆ ಅಂತ. ಆಗಲ್ಲ ಅಂದೆ. 1983ರಲ್ಲಿ ಇದೇ ಮಾರುಕಟ್ಟೆಯಲ್ಲಿ ನಾಲ್ಕು ವರ್ಷದ ಯೊನ್‌ಸಿಲ್ ಕೈತಪ್ಪಿಹೋದಳು. ಅವತ್ತಿನಿಂದ ಮನೆ ಬದಲಿಸಿಲ್ಲ. ಫೋನ್ ನಂಬರು ಬದಲಿಸಿಲ್ಲ. ಅಂಗಡಿಯ ಜಾಗ ಬದಲಿಸಿಲ್ಲ. ಈಗ ಮುಖ ಬದಲಿಸಲೇ? ಹುಡುಕಿಕೊಂಡು ಬಂದ ಮಗು ಯಾರನ್ನು ಅಮ್ಮ ಅನ್ನಬೇಕು?

ಡಾಕ್ಟರು ಮುಲಾಮು ಬರೆದುಕೊಟ್ಟರು.

ಡಿಸೆಂಬರ್ 2. ಭಾನುವಾರ

ಮಗನ ಮನೆಯಲ್ಲಿ ಊಟ. ಜಗಳ.

ಗಾಯುನ್ ಕೂದಲು ಕತ್ತರಿಸಿಕೊಂಡು ಬಂದಿದ್ದಾಳೆ, ಗಂಡುಹುಡುಗನ ಹಾಗೆ. ಕಣ್ಣು ಮಾಡಿಸಿಕೊಳ್ಳಲ್ಲ ಅಂತ ಹಟ. ಸೊಸೆಗೆ ಅಳುವೇ ಬಂತು. ಪಾಪ, ಅವಳದೂ ತಪ್ಪಲ್ಲ. ಅವಳ ಕಾಲದಲ್ಲಿ ಕೆಲಸದ ಅರ್ಜಿಗೆ ಅಂಟಿಸಿದ ಫೋಟೋ ನೋಡಿಯೇ ಎತ್ತಿ ಪಕ್ಕಕ್ಕಿಡುತ್ತಿದ್ದರಂತೆ. ಆಪರೇಷನ್ ಆದಮೇಲೆ ಕರೆ ಬಂತಂತೆ. ಮಗಳಿಗೆ ಆ ಅವಮಾನ ಬೇಡ ಅನ್ನುವುದಷ್ಟೇ ಅವಳ ಆಸೆ.

"ಈಗ ಅರ್ಜಿಗೆ ಫೋಟೋನೇ ಕೇಳದೇ ಇರೋ ಕಂಪನಿಗಳಿವೆ ಅಮ್ಮ. ನನ್ನ ಕಣ್ಣು ಚೆನ್ನಾಗೇ ಕಾಣ್ಸತ್ತೆ. ಎಲ್ಲಾರ ಮುಖಾನೂ ಒಂದೇ ಅಚ್ಚಲ್ಲಿ ಹೊಯ್ದು ಏನ್ ಮಾಡ್ಬೇಕು?"

ಒಳಗೊಳಗೇ ಖುಷಿಯಾಯಿತು. ಮುಖದಲ್ಲಿ ಗೊತ್ತಾಗಿರಬೇಕು. ಬಸ್‌ಸ್ಟಾಪಿನವರೆಗೆ ಬಿಡಲು ಬಂದವಳು ನೇರವಾಗಿ ಹೇಳಿದಳು: "ಅಜ್ಜಿ, ನಾನು ನಿಮಗೋಸ್ಕರ ಬೇಡ ಅಂತಿಲ್ಲ. ಯೊನ್‌ಸಿಲ್ ಅತ್ತೆಗೋಸ್ಕರಾನೂ ಅಲ್ಲ. ನೀವು ನನ್ನನ್ನ ಹಾಗೆ ನೋಡ್ಬೇಡಿ. ನಾನೇನು ಅವರ ಫೋಟೋ ಅಲ್ಲ."

ಚುರುಕ್ ಅಂತು. ನಿಜ. ಹತ್ತೊಂಬತ್ತು ವರ್ಷದಿಂದ ಅವಳನ್ನು ನೋಡುವಾಗೆಲ್ಲ ನಾನು ಇನ್ನೊಬ್ಬಳನ್ನೇ ನೋಡುತ್ತಿದ್ದೇನೆ. ಮಗುವಿಗೆ ಗೊತ್ತಾಗದೆ ಇರುತ್ತದೆಯೇ.

ಡಿಸೆಂಬರ್ 19



ಮಧ್ಯಾಹ್ನ ಒಬ್ಬಳು ಬಂದಿದ್ದಳು. ಒಣ ಮೂಲಂಗಿ ಪಲ್ಯ ಕೇಳಿದಳು. ದಕ್ಷಿಣದ ಕಡೆಯ ಮಾತು. ತೂಗಿ ಕೊಟ್ಟೆ. ಕೊಟ್ಟ ಮೇಲೂ ನಿಂತೇ ಇದ್ದಳು. ಪ್ಲಾಸ್ಟರ್ ಬಿಟ್ಟುಹೋಗಿತ್ತು, ಕಣ್ಣು ತುಂಬ ನೀರು, ಎದುರಿಗೆ ಬರೀ ಒಂದು ನೀಲಿ ಕೋಟು. ಇನ್ನೇನು ಬೇಕು ಅಂತ ಕೇಳಿದೆ. ಏನೂ ಇಲ್ಲ ಅಂದಳು. ಹೋದಳು.

ಆಮೇಲೆ ಪಕ್ಕದ ಮೀನಂಗಡಿಯ ಒಕ್‌ಪಾಲ್ ಅಕ್ಕ ಬಂದು, ಯಾರೇ ಅವಳು, ನಿನ್ನ ಮುಖಾನೇ ನೋಡ್ತಾ ಕಣ್ಣೊರೆಸಿಕೊಳ್ತಿದ್ದಳಲ್ಲ, ಅಂದಳು. ಅವಳ ತೋಳು ಹಿಡಿದು ಕೇಳಿದೆ. ವಯಸ್ಸೆಷ್ಟು? ನಲವತ್ತರ ಆಸುಪಾಸು. ಕಣ್ಣು? ಕಣ್ಣು ಎಲ್ಲರ ಹಾಗೇ, ಎರಡೂ ಕಡೆ ಮಡಿಕೆ, ಒಳ್ಳೆ ಡಾಕ್ಟರ ಕೆಲಸ.

ಏಪ್ರನ್‌ನಲ್ಲೇ ಓಡಿದೆ. ಬಸ್‌ಸ್ಟಾಪ್, ರೈಲು ನಿಲ್ದಾಣ, ಮೆಟ್ಟಿಲು. ನೀಲಿ ಕೋಟು ಎಷ್ಟೊಂದು ಜನರಿಗೆ ಇದೆ.

ಇಷ್ಟು ವರ್ಷ ಬೀದಿಯಲ್ಲಿ ಹೆಂಗಸರ ಕಣ್ಣು ನೋಡಿಕೊಂಡೇ ನಡೆದವಳು ನಾನು. ಒಂದಕ್ಕೊಂದು ಹೊಂದದ ಕಣ್ಣಿನವಳು ಕಂಡರೆ ಹಿಂದೆ ಹೋಗಿ, ಬೈಸಿಕೊಂಡು ಬಂದಿದ್ದೇನೆ. ವರ್ಷ ಕಳೆದಂತೆ ಅಂಥ ಕಣ್ಣೇ ಕಡಿಮೆಯಾಗಿ ಹೋಯಿತು. ಎಲ್ಲರೂ ಸರಿಮಾಡಿಸಿಕೊಂಡುಬಿಟ್ಟರು. ಯೊನ್‌ಸಿಲ್ ಕೂಡ ಮಾಡಿಸಿಕೊಂಡಿದ್ದರೆ? ಎಷ್ಟು ಸಲ ನನ್ನ ಮುಂದೆಯೇ ಹಾದುಹೋದಳೋ.

ಡಿಸೆಂಬರ್ 20

ಬರಲಿಲ್ಲ.

ಒಕ್‌ಪಾಲ್ ಅಕ್ಕನ ಸಮಾಧಾನ: "ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ? ಬರ್ತಾಳೆ ಬಿಡು, ಯೊನ್‌ಸಿಲಮ್ಮ."

ಯೊನ್‌ಸಿಲಮ್ಮ. ಯೊನ್‌ಸಿಲ್‌ನ ಅಮ್ಮ ಅಂತ ಕರೆಯುವುದನ್ನು ಈ ಬೀದಿ ಮಗು ಕಳೆದ ದಿನವೇ ಬಿಟ್ಟಿತ್ತು. ಎಲ್ಲರಿಗೂ ನಾನು ಗ್ಯುಸಿಕ್‌ನ ಅಮ್ಮ ಮಾತ್ರ. ಹೋಗಿ ಹಿಂದಿನ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು ಬಂದೆ.

ಡಿಸೆಂಬರ್ 25

ಗ್ಯುಸಿಕ್ ಒಬ್ಬನೇ ಬಂದ. ಅಂಗಡಿ ಮುಚ್ಚಲು ನೆರವಾದ. ನೀಲಿ ಕೋಟಿನ ವಿಷಯ ಅವನಿಗೆ ಹೇಳಿರಲಿಲ್ಲ, ಒಕ್‌ಪಾಲ್ ಅಕ್ಕನ ಬಾಯಿ ನಿಲ್ಲಬೇಕಲ್ಲ. ಆಪರೇಷನ್‌ಗೆ ಆಸ್ಪತ್ರೆಯಲ್ಲಿ ದಿನ ತೆಗೆದುಕೊಂಡಿದ್ದೇನೆ ಅಂದ. ಎಪ್ಪತ್ತು ತುಂಬಿದ್ದಕ್ಕೆ ನನ್ನ ಕಾಣಿಕೆ ಅಂದುಕೋ ಅಂದ. ಬೇಡ ಅಂದೆ. ಮುಖ ಹಾಗೇ ಇರಬೇಕು ಅಂದೆ.

ಅವನು ಕಿಮ್ಚಿ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ. ಆಮೇಲೆ ಹೇಳಿದ: "ಅಮ್ಮ, ಅವಳು ಬಂದ್ರೆ ನೀನು ನೋಡ್ಬೇಕಲ್ಲ."

ಮೂವತ್ತೈದು ವರ್ಷದಲ್ಲಿ ಅವಳ ಮಾತು ಅವನ ಬಾಯಲ್ಲಿ ಬಂದದ್ದು ಇದೇ ಮೊದಲು. ಅವತ್ತು ತಂಗಿಯ ಕೈ ಹಿಡಿದಿದ್ದವನು ಅವನು. ಹತ್ತು ವರ್ಷದ ಮಗು. ನಾನು ಬೈದವಳಲ್ಲ. ಆದರೆ ನಿನ್ನದೇನೂ ತಪ್ಪಿಲ್ಲ ಅಂತಲೂ... ಹೇಳಿದ್ದೆನೇ? ನೆನಪಿಲ್ಲ.

ಆಯಿತು ಅಂದೆ.

ಜನವರಿ 11, 2019

ಆಯಿತು. ಎರಡೂ ಕಣ್ಣಿಗೆ ಐಸ್. ಬರೆಯಬೇಡಿ ಅಂದಿದ್ದಾರೆ. ಗೆರೆ ಬಿಟ್ಟು ಹೋಗುತ್ತಿದೆ ಅನಿಸುತ್ತೆ —

ಜನವರಿ 19

ಹೊಲಿಗೆ ಬಿಚ್ಚಿದರು. ನರ್ಸ್ ಕನ್ನಡಿ ಹಿಡಿದು, ಹತ್ತು ವರ್ಷ ಚಿಕ್ಕವರಾದಿರಿ ತಾಯೀ ಅಂದಳು. ಎರಡೂ ಕಣ್ಣಿಗೆ ಒಂದೇ ಅಳತೆಯ ಮಡಿಕೆ. ನಿದ್ದೆಯ ಕಣ್ಣನ್ನು ಎಬ್ಬಿಸಿಬಿಟ್ಟಿದ್ದಾರೆ.

ಎಲ್ಲ ಕಾಣುತ್ತದೆ. ಕಿಟಕಿಯ ಧೂಳು, ಗಡಿಯಾರದ ಚಿಕ್ಕ ಮುಳ್ಳು, ಗ್ಯುಸಿಕ್‌ನ ತಲೆಯಲ್ಲಿ ಬಿಳಿಕೂದಲು. ಅವನಿಗೆ ಇಷ್ಟು ವಯಸ್ಸಾಗಿದೆ ಅಂತ ಗೊತ್ತೇ ಇರಲಿಲ್ಲ. ಕನ್ನಡಿಯಲ್ಲಿರುವವಳು ಮಾತ್ರ ಯಾರೋ. ಒಳ್ಳೆಯವಳ ಹಾಗೆ ಕಾಣುತ್ತಾಳೆ. ಪರಿಚಯವಿಲ್ಲ.

ಅತ್ತುಬಿಟ್ಟೆ. ಊಟವನ್ನೂ ಮಾಡದೆ ಅತ್ತುಬಿಟ್ಟೆ.

ಫೆಬ್ರವರಿ 5. ಚಾಂದ್ರಮಾನ ಹೊಸವರ್ಷದ ಹಬ್ಬ

ಹಿರಿಯರಿಗೆ ಎಡೆ ಇಟ್ಟೆವು. ಅಕ್ಕಿ ಬಿಲ್ಲೆಯ ಸಾರು, ಪೇರಳೆ, ಒಣ ಮೀನು. ಯಜಮಾನರ ಫೋಟೋದ ಮುಂದೆ ಬಗ್ಗಿ ನಮಸ್ಕಾರ ಮಾಡಿ ತಲೆ ಎತ್ತಿದಾಗ ನಾಚಿಕೆಯಾಯಿತು. ನೀವು ಎಲ್ಲಿದ್ದರೂ ಸರಿ, ನಾನೇ ಕಣ್ರೀ ಇದು, ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಸೊಸೆ ಸಾರು ಬಡಿಸುತ್ತಾ, ಅತ್ತೆ ತುಂಬ ಚೆನ್ನಾಗಿ ಕಾಣಿಸುತ್ತಿದ್ದೀರಿ ಅಂದಳು. ಮನಸ್ಸಿನಿಂದಲೇ ಅಂದದ್ದು.

ಗಾಯುನ್, ನಾನು ಪಾತ್ರೆ ತೊಳೆಯುವಾಗ ಪಕ್ಕಕ್ಕೆ ಬಂದು ನಿಂತು, ಬೇಕಾದ್ರೆ ನೋಡ್ಕೊಳ್ಳಿ ಅಜ್ಜಿ ಅಂದಳು. ಮುಖ ಎತ್ತಿ ಹಿಡಿದಳು. ನೋಡಿದೆ. ಈ ಸಲ ಅವಳನ್ನೇ ನೋಡಲು ಪ್ರಯತ್ನಪಟ್ಟೆ.

ಫೆಬ್ರವರಿ 13

ಬಂದಳು.

ಬೆಳಗ್ಗೆಯಿಂದ ಗಾಯುನ್ ಒಳಗೆ ಕಿಮ್ಚಿ ಕಲಸುತ್ತಿದ್ದಳು. ನಾನು ಮುಂದೆ. ನೀಲಿ ಕೋಟು ಬೀದಿಯ ತುದಿಯಲ್ಲಿ ತಿರುಗಿದ್ದು ಅಲ್ಲಿಂದಲೇ ಕಂಡಿತು. ನೇರ ಬಂದು ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, ಕೇಳಿದಳು: "ಇಲ್ಲಿ ಒಬ್ಬರು ಅಜ್ಜಿ ಇದ್ರಲ್ಲ, ಅವರು... ಹೋಗ್ಬಿಟ್ರಾ? ಎರಡು ಸಲ ಬಂದೆ, ಮುಚ್ಚಿತ್ತು."

"ನಾನೇ ಕಣಮ್ಮ."

ದಿಟ್ಟಿಸಿ ನೋಡಿದಳು. ನಾನೂ ನೋಡಿದೆ. ಎರಡೂ ಕಣ್ಣು ಸಮ, ಎಲ್ಲರ ಹಾಗೆ. ಅವಳ ಮುಖದಲ್ಲಿ ನನಗೆ ಹಿಡಿಯಲು ಏನೂ ಇಲ್ಲ. ನನ್ನ ಮುಖದಲ್ಲಿ ಅವಳಿಗೂ ಇಲ್ಲ.

"ಅಲ್ಲ, ಅವರ ಕಣ್ಣು ಬೇರೆ ಇತ್ತು" ಅಂದಳು. ತಪ್ಪು ತಿಳೀಬೇಡಿ ಅಂತ ತಲೆಬಾಗಿ ತಿರುಗಿದಳು. ಕೂಗಬೇಕು. ಅಷ್ಟರಲ್ಲಿ ಗಾಯುನ್ ಡಬ್ಬಿ ಹೊತ್ತು ಹೊರಗೆ ಬಂದು, ಯಾರು ಅಜ್ಜಿ, ಅಂದಳು. ಹೆಂಗಸು ಧ್ವನಿ ಕೇಳಿ ಹಿಂತಿರುಗಿದವಳು ಗಾಯುನ್‌ನ ಮುಖ ನೋಡಿ ಅಲ್ಲೇ ಮೀನಿನ ಪೆಟ್ಟಿಗೆಯ ಮೇಲೆ ಕುಸಿದು ಕೂತಳು.

ಹೆಸರು ಕೂ ನಾನ್‌ಹಿ. ಗುನ್ಸಾನ್ ಊರಿನ ಅನಾಥಾಲಯದಲ್ಲಿ ಬೆಳೆದವಳು. ಹೆಸರು ಅವರು ಇಟ್ಟದ್ದು. ಹೆತ್ತ ತಾಯಿಯ ಬಗ್ಗೆ ನೆನಪಿರುವುದು ಒಂದೇ, ಒಂದು ಕಣ್ಣು ದೊಡ್ಡದು, ಒಂದು ಸಣ್ಣದು. ತನಗೂ ಹಾಗೇ ಇತ್ತು. ಬಟ್ಟೆ ಅಂಗಡಿಯ ಕೆಲಸಕ್ಕೆ ಬೇಕಾಯಿತು ಅಂತ ಇಪ್ಪತ್ತೆರಡರಲ್ಲಿ ಮಾಡಿಸಿಕೊಂಡಳು. ಪರ್ಸಿನಿಂದ ತನ್ನದೇ ಹಳೆಯ ಸಣ್ಣ ಫೋಟೋ ತೆಗೆದು ತೋರಿಸಿದಳು. ಒಂದು ಕಣ್ಣು ನಿದ್ದೆ, ಒಂದು ಕಣ್ಣು ಎಚ್ಚರ.

ನಾನು ಅವಳ ಕೈ ಹಿಡಿದುಕೊಂಡೆ. ಸಂಜೆಯವರೆಗೂ ಬಿಡಲಿಲ್ಲ. ಒಕ್‌ಪಾಲ್ ಅಕ್ಕನೇ ಎರಡೂ ಅಂಗಡಿ ನೋಡಿಕೊಂಡಳು.

ಫೆಬ್ರವರಿ 14

ಪೊಲೀಸ್ ಠಾಣೆ. ರಕ್ತಸಂಬಂಧ ಗೊತ್ತುಮಾಡುವ ಪರೀಕ್ಷೆಗೆ ಇಬ್ಬರ ಬಾಯಿಂದಲೂ ಹತ್ತಿಯಲ್ಲಿ ಎಂಜಲು ತೆಗೆದುಕೊಂಡರು. ತಿಂಗಳ ಹತ್ತಿರ ಆಗುತ್ತದೆ, ಅಲ್ಲಿಯವರೆಗೆ ಆಸೆ ಇಟ್ಟುಕೊಳ್ಳಬೇಡಿ ಅಂದರು. ಎಂಥ ಮಾತು.

ಈಗ ಮುಖ ಬೇಕಾಗಿಲ್ಲ ತಾಯೀ, ರಕ್ತ ಸಾಕು, ಅಂತಲೂ ಅಂದ ಆ ಪೊಲೀಸ್. ಸಮಾಧಾನಕ್ಕೇ ಅಂದದ್ದು. ಹಾಗಾದರೆ ಈ ಮುಖವನ್ನು ಇಷ್ಟು ವರ್ಷ ಯಾಕೆ ಕಾಯ್ದೆ?

ಮಾರ್ಚ್ 12

ಅಲ್ಲವಂತೆ.

ಮಾರ್ಚ್ 15

ಅಂಗಡಿ ತೆರೆದೆ. ಒಣ ಮೂಲಂಗಿ ಮಾಡಲಿಲ್ಲ.

ಇಷ್ಟೊಂದು ಮಕ್ಕಳು ಕಳೆದುಹೋಗಿದ್ದಾರೆ, ಅವರಲ್ಲಿ ಇಬ್ಬರಿಗೆ ಒಂದೇ ಥರದ ಕಣ್ಣು ಇರುವುದರಲ್ಲಿ ಏನು ಆಶ್ಚರ್ಯ ಅಂದ ಗ್ಯುಸಿಕ್. ಹೇಳುತ್ತಾ ಹೇಳುತ್ತಾ ಗೋಡೆ ಕಡೆ ತಿರುಗಿ ನಿಂತ. ಅವನ ಬೆನ್ನು ಸವರಿದೆ. ನಿನ್ನದೇನೂ ತಪ್ಪಿರಲಿಲ್ಲ ಮಗಾ ಅಂದೆ. ನಲವತ್ತಾರರ ಗಂಡಸು, ಮಗುವಿನ ಹಾಗೆ ಬಿಕ್ಕಿದ.

ಮಾರ್ಚ್ 24. ಭಾನುವಾರ

ಚಾಂದ್ರಮಾನದ ಎರಡನೇ ತಿಂಗಳು, ಹದಿನೆಂಟು. ಯೊನ್‌ಸಿಲ್ ಹುಟ್ಟಿದ ದಿನ.

ಪ್ರತಿ ವರ್ಷದ ಹಾಗೆ ಸಮುದ್ರದ ಸೊಪ್ಪು ನೆನೆಸಿ, ಮಾಂಸ ಹುರಿದು ಸಾರು ಮಾಡಿದೆ. ಹುಟ್ಟುಹಬ್ಬಕ್ಕೆ ಹೆತ್ತವಳು ಮಾಡಬೇಕಾದ ಸಾರು. ಪ್ರತಿ ವರ್ಷ ಒಂದು ಬಟ್ಟಲು ಮೇಜಿನ ಮೇಲೆ ಆರುತ್ತದೆ, ಸಂಜೆ ನಾನೇ ಕುಡಿಯುತ್ತೇನೆ.

ಈ ಸಲ ನಾನ್‌ಹಿಗೆ ಫೋನ್ ಮಾಡಿದೆ. ಬರುತ್ತಾಳೋ ಇಲ್ಲವೋ ಅನ್ನಿಸಿತ್ತು. ಬಂದಳು. ಸೇಬು ತಂದಿದ್ದಳು. ಕೂತಳು. ನಿನ್ನ ಹುಟ್ಟಿದ ದಿನ ಯಾವಾಗಮ್ಮ ಅಂತ ಕೇಳಿದೆ. ಸಿಕ್ಕಿದ ದಿನವನ್ನೇ ಅನಾಥಾಲಯದವರು ಬರೆದುಕೊಂಡಿದ್ದಾರೆ ಅಂದಳು. ಆ ದಿನ ಈ ಸಾರು ಯಾರು ಮಾಡುತ್ತಾರೆ ಅಂದೆ. ನಾನೇ ಮಾಡಿಕೊಳ್ಳುತ್ತೇನೆ, ಪೊಟ್ಟಣದ್ದು, ಅಂದಳು.

ಬಟ್ಟಲನ್ನು ಅವಳ ಮುಂದೆ ಇಟ್ಟೆ. ಗಾಯುನ್ ಚಮಚ ತಂದುಕೊಟ್ಟಳು. ನಾನ್‌ಹಿ ತಲೆ ತಗ್ಗಿಸಿ ಉಣ್ಣತೊಡಗಿದಳು. ಅನ್ನವನ್ನು ಸಾರಿಗೇ ಹಾಕಿ ಕಲಸಿಕೊಂಡು, ಮಕ್ಕಳ ಹಾಗೆ. ನಾನು ಎದುರಿಗೆ ಕೂತು ನೋಡಿದೆ, ಎರಡು ಕಣ್ಣನ್ನೂ ಪೂರ್ತಿ ತೆರೆದು. ಕೊನೆಯ ತೊಟ್ಟಿನವರೆಗೂ ಕುಡಿದಳು.

ಯೊನ್‌ಸಿಲ್, ಇವತ್ತು ನಿನ್ನ ಸಾರನ್ನು ಬೇರೆಯವರ ಮಗಳಿಗೆ ಕೊಟ್ಟುಬಿಟ್ಟೆ. ಸಿಟ್ಟು ಮಾಡಿಕೊಳ್ಳಬೇಡ ಕಂದಾ. ನಿನ್ನ ಮುಂದೆಯೂ ಇವತ್ತು ಯಾರಾದರೂ, ಯಾರ ತಾಯಿಯಾದರೂ ಸರಿ, ಒಂದು ಬಟ್ಟಲು ಬಿಸಿಯಾಗಿ ಇಟ್ಟಿರಲಿ.