ಬೆಂಚಿನ ಮೇಲೆ ಕೂತ ಗೂಳಪ್ಪ

ದಾಂಡೇಲಿ
ತಾ. ೯-೧೨-೧೯೬೪

ಧಾರವಾಡದಲ್ಲಿರುವ ನಮ್ಮ ಯಜಮಾನರಿಗೆ ಶಿವಗಂಗವ್ವನ ನಮಸ್ಕಾರಗಳು.

ನಿಮ್ಮ ಗಂಟಲು ಹೇಗಿದೆ? ಮೈದಾನದಲ್ಲಿ ಕೂಗಿ ಕೂಗಿ ಬಂದ ಕೆಮ್ಮಿಗೆ ಅತ್ತೆಯವರು ಕಷಾಯದ ಪುಡಿ ಕಟ್ಟಿಕೊಟ್ಟಿದ್ದರಲ್ಲ, ಕುಡಿಯುತ್ತಿದ್ದೀರೋ ಗೂಡಿನಲ್ಲಿಟ್ಟು ಮರೆತಿರೋ? ಇಲ್ಲಿ ಎಲ್ಲರೂ ಕ್ಷೇಮ. ಮಾಲವ್ವ ಗೋಡೆಗೆ ಚೆಂಡು ಹೊಡೆದು ಸುಣ್ಣವನ್ನೆಲ್ಲ ಉದುರಿಸಿದ್ದಾಳೆ. ಬೈದರೆ ಅಪ್ಪನ ಹೆಸರು ಹೇಳುತ್ತಾಳೆ.

ನೀವು ಕಾಲೇಜಿನ ಬಾಸ್ಕೆಟ್‌ಬಾಲ್ ಮುಖ್ಯ ಕೋಚ್ ಆದ ಸುದ್ದಿ ಬಂದ ದಿನ ಅತ್ತೆಯವರು ಓಣಿಗೆಲ್ಲ ಸಕ್ಕರೆ ಹಂಚಿದರು. ಹಳಿಯಾಳದ ಗರಡಿಯಲ್ಲಿ ಪೈಲ್ವಾನನಾಗಬೇಕಿದ್ದ ಮಗ ಪಲ್ಟನ್ ಸೇರಿ ಈ ಆಟ ಕಲಿತು ಬಂದಾಗ ಮಾವನವರು "ಬುಟ್ಟ್ಯಾಗ ಚೆಂಡ ಹಾಕಾಕ ಯಾರ ಪಗಾರ ಕೊಡ್ತಾರ?" ಎಂದು ನಕ್ಕಿದ್ದರಂತೆ. ಅದೆಷ್ಟೋ ವರ್ಷ ಹಂಗಾಮಿ ಡ್ರಿಲ್ ಮಾಸ್ತರರಾಗಿ ಬಿಸಿಲಲ್ಲಿ ಬೆಂದು ನೀವು ಈ ಜಾಗಕ್ಕೆ ಬಂದಿರಿ. ಇದು ಮೊದಲ ವರ್ಷ. ಅದಕ್ಕೇ ನನಗೆ ಇಷ್ಟು ಹೆದರಿಕೆ.

ಸೋಮಪ್ಪನಿಗೆ ನಾಗಲಿಂಗಪ್ಪ ಸಾಹುಕಾರರ ಕಟ್ಟಿಗೆ ಡೆಪೋದಲ್ಲಿ ಕೆಲಸ ಸಿಕ್ಕಿದ್ದು ನಿಮಗೆ ಗೊತ್ತೇ ಇದೆ. ತಮ್ಮನಿಗೊಂದು ದಾರಿಯಾಯಿತೆಂದು ನೀವು ಬರೆದಿದ್ದಿರಿ. ನಾನೂ ಹಿಗ್ಗಿದೆ. ಆಮೇಲೆ ಒಲೆಯ ಮುಂದೆ ಕೂತು ಯೋಚಿಸಿದೆ. ಎಷ್ಟು ಸಲ ಬಾಗಿಲು ತಟ್ಟಿದರೂ ಏಳದ ಸಾಹುಕಾರರು ಈಗ ತಾವೇ ಯಾಕೆ ಹೇಳಿ ಕಳಿಸಿದರು? ಅದೂ ಹಳಿಯಾಳದ ಪಂದ್ಯದಲ್ಲಿ ಅವರ ಕ್ಲಬ್ಬಿನ ತಂಡ ನಿಮ್ಮ ಹುಡುಗರನ್ನು ಸೋಲಿಸಿದ ಮರುದಿನವೇ? ತಂಡದ ಎಲ್ಲರಿಗಿಂತ ಒಳ್ಳೆಯ ಆಟಗಾರ ಗೂಳಪ್ಪನ ಕಾಲು ಉಳುಕಿತ್ತು, ಅದಕ್ಕೇ ಹೊರಗೆ ಕೂಡಿಸಿದೆ, ಅದಕ್ಕೇ ಸೋತೆವು ಎಂದು ನೀವು ಬರೆದಿರಿ. ನಾನು ನಂಬಿದೆ.

ಕಳೆದ ಶುಕ್ರವಾರ ಆ ಗೂಳಪ್ಪನೇ ಬಂದಿದ್ದ. ತನ್ನೂರು ಸನವಳ್ಳಿಗೆ ಹೊರಟವನು, ಮಾಲವ್ವನಿಗೆ ನೀವು ಕೊಟ್ಟ ಸ್ವೆಟರ್ ಮುಟ್ಟಿಸಲು ಇಷ್ಟು ದೂರ ಸುತ್ತು ಹಾಕಿದ್ದಾನೆ. ಎಂಥ ಬಂಗಾರದಂಥ ಹುಡುಗ! ಬೇಡವೆಂದರೂ ನಳಕ್ಕೆ ಹೋಗಿ ಎರಡೂ ಕೊಡ ತುಂಬಿ ತಂದ. ಮಾಲವ್ವ ನಗಲೆಂದು ಜಿಗಿಜಿಗಿದು ತೊಲೆ ಮುಟ್ಟಿದ. ಕಾಲು ಇಷ್ಟು ಬೇಗ ವಾಸಿಯಾಯಿತೇ ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿದ. "ಕಾಲಿಗೇನೂ ಆಗಿದ್ದಿಲ್ರಿ ಅಕ್ಕಾರ. ಸರ್ ಕೂಡಂದ್ರು, ಕುಂತೆ. ನಾ ಏನ್ ತಪ್ಪ ಮಾಡೇನಿ, ನೀವರ ಕೇಳ್ರಿ" ಎಂದ. ರೊಟ್ಟಿ ಬಡಿಸುತ್ತಿದ್ದ ನನಗೆ ಅವನ ಮುಖ ನೋಡಲಾಗಲಿಲ್ಲ.

ಆಗಲೂ ನಿಮ್ಮ ಪರವಾಗಿಯೇ ಯೋಚಿಸಿದೆ. ಆಟದ ಲೆಕ್ಕಾಚಾರ ನನಗೇನು ಗೊತ್ತು, ಹುಡುಗ ಏನೋ ಉದ್ಧಟತನ ಮಾಡಿದ್ದಿರಬೇಕು, ಇವರು ಬುದ್ಧಿ ಕಲಿಸಲು ಕೂಡಿಸಿದ್ದಿರಬೇಕು ಎಂದುಕೊಂಡೆ. ಆದರೆ ಮೊನ್ನೆ ಸಾಹುಕಾರರ ಹೆಂಡತಿ ಮಹಾದೇವಕ್ಕ ಬಂದರು. ನಮ್ಮ ಚಾಳಿನ ಕಡೆ ತಲೆ ಹಾಕಿಯೂ ಮಲಗದ ಹೆಣ್ಣುಮಗಳು ನಮ್ಮ ಚಾಪೆಯ ಮೇಲೆ ಕೂತು ಚಹಾ ಕುಡಿದು, ನನ್ನ ಕೈ ಹಿಡಿದು ಹೇಳಿದರು: "ಬರೂ ರವಿವಾರದ ಫೈನಲ್ ಒಂದ್ ಮುಗೀಲಿ ತಂಗಿ, ಆಮ್ಯಾಲ ನಿನ್ನ ಮೈದುನನ್ನ ಕಾಯಂ ಮಾಡ್ಕೋತಾರ ನಮ್ಮವರು." ಡೆಪೋದಲ್ಲಿ ಕಟ್ಟಿಗೆ ಅಳೆಯುವ ಕೆಲಸಕ್ಕೂ ಧಾರವಾಡದ ಫೈನಲ್ಲಿಗೂ ಏನು ಸಂಬಂಧ? ಅವರು ಹೋದ ಮೇಲೆ ಆ ಚಹಾದ ಕಪ್ಪು-ಬಸಿಗಳನ್ನು ತೊಳೆಯಲೂ ನನಗೆ ಮನಸ್ಸಾಗಲಿಲ್ಲ.

ಫೈನಲ್ಲಿನಲ್ಲಿ ಮತ್ತೆ ಅವರ ತಂಡವೇ ನಿಮ್ಮೆದುರು ಎಂದು ಗೂಳಪ್ಪ ಹೇಳಿದ್ದಾನೆ. ನನ್ನ ಸಂಶಯ ಸುಳ್ಳಾದರೆ ಬಂದು ಬಾಯಿ ತುಂಬ ಬೈಯಿರಿ, ಸಂತೋಷದಿಂದ ಬೈಸಿಕೊಳ್ಳುತ್ತೇನೆ. ನಿಜವಾದರೆ ಏನು ಮಾಡಲಿ? ಈ ಗಂಡಸು ಸೀಟಿ ಊದಿದರೆ ಹುಡುಗರು ಓಡುತ್ತಾರೆ ಎಂದು ನಾಲ್ಕು ಜನರಲ್ಲಿ ಹೆಮ್ಮೆಪಟ್ಟವಳು ನಾನು.

ಮಾಲವ್ವನ ಮುತ್ತುಗಳು. ಅತ್ತೆಯವರ ಆಶೀರ್ವಾದ ಇದ್ದೇ ಇದೆ. ಕಷಾಯ ಮರೆಯಬೇಡಿ.

ನಿಮ್ಮ
ಶಿವಗಂಗವ್ವ

ತಾ.ಕ.: ಟಪಾಲಿನ ಹೊತ್ತಾಯಿತು. ಸೋಮಪ್ಪನನ್ನು ಇವತ್ತು ಕೆಲಸ ಬಿಡಿಸಿದೆ. ಸಾಹುಕಾರರ ಮನೆಗೆ ನಾನೇ ಹೋಗಿ ಹೇಳಿ ಬಂದೆ. ಅವನು ಉಣ್ಣದೆ ಮಲಗಿದ್ದಾನೆ, ಅತ್ತೆಯವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಈಗ ನಿಮಗೆ ಯಾರ ಹಂಗೂ ಇಲ್ಲ. ರವಿವಾರ ಮಾಲವ್ವನನ್ನು ಕರೆದುಕೊಂಡು ಫೈನಲ್ಲಿಗೆ ಬರುತ್ತೇನೆ. ಗೂಳಪ್ಪ ಆಡಿದರೆ, ಸೋತರೂ ಸರಿ, ನಿಮ್ಮ ಕೋಣೆಗೆ ಬಂದು ಅಡುಗೆ ಮಾಡುತ್ತೇನೆ. ಬೆಂಚಿನ ಮೇಲೆ ಕಂಡರೆ ಮೈದಾನದಿಂದಲೇ ತವರಿನ ಬಸ್ಸು ಹತ್ತುತ್ತೇನೆ.