ಎರಡು ಅರವತ್ತಕ್ಕೂ ಕೊಡದ ಪಿಕಪ್

ಆಗಸ್ಟ್ 4, ಸೋಮವಾರ. ಬೆಳಿಗ್ಗೆ 9

ಎಂದಿನಂತೆ ಕಾಚಿಗೂಡದ ಮನೆಯ ಮುಂದೆ ಪಿಕಪ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಒಳಗೆ ಕುಳಿತೆ. ಬ್ಯಾಟರಿ ಸಾಯಬಾರದಲ್ಲ. ಎಲ್ಲಿಗೂ ಹೋಗಲಿಲ್ಲ. ಅವಿವಾಹಿತ, ನಿವೃತ್ತ, ಅರವತ್ತೆರಡು — ಹೋಗಬೇಕಾದ ಸ್ಥಳಗಳ ಪಟ್ಟಿ ಬಹಳ ಚಿಕ್ಕದು.

2011ರ ಮಾಡೆಲ್. ನಮ್ಮ ನಾಟಕ ಮಂಡಳಿಯ ಗಾಡಿ. ಪರದೆ, ಸಿಂಹಾಸನ, ಹಾರ್ಮೋನಿಯಂ, ಅವುಗಳ ಮೇಲೆ ಒಂಬತ್ತು ಮಂದಿ ನಟರು. ಇಬ್ಬರು ತೀರಿಕೊಂಡರು, ಉಳಿದವರು ಒಬ್ಬೊಬ್ಬರಾಗಿ ಊರು ಬಿಟ್ಟರು. ಈಗ ಅಧ್ಯಕ್ಷ, ಖಜಾಂಚಿ, ಪ್ರೇಕ್ಷಕ ಮೂರೂ ನಾನೇ. ಸಭೆಗಳು ಒಮ್ಮತದಿಂದ ನಡೆಯುತ್ತವೆ.

ಇಂದು ಒಬ್ಬರು ಬಂದು ಕಿಟಕಿಯ ಗಾಜು ತಟ್ಟಿದರು.

"ಗಾಡಿ ಕೊಡೂದೈತೇನ್ರಿ?"

ಎರಡು ವರ್ಷದ ಹಿಂದೆ ಗುಜರಿಯವ ನಲವತ್ತು ಸಾವಿರ ಎಂದಿದ್ದ. ತಮಾಷೆಗೆ ಒಂದು ಲಕ್ಷ ಎಂಬತ್ತು ಸಾವಿರ ಎಂದೆ. ಅವರು ನಗಲಿಲ್ಲ.

"ಎಂಟು ದಿನ ಟೈಮ್ ಕೊಡ್ರಿ ರಾಯರ. ರೊಕ್ಕ ಹೊಂದಸ್ತೀನಿ."

ಹೆಸರು ಅಮರೇಶಪ್ಪ, ರಾಯಚೂರು ಕಡೆಯವರು. ಹೆಂಡತಿ ಅಂಬುಬಾಯಿ ಜೋಳದ ರೊಟ್ಟಿ ಬಡಿಯುತ್ತಾರೆ. ಇವರು ಊರಾಚೆ ಪಟಾನ್‌ಚೆರುವಿನ ಕಾರ್ಮಿಕರ ಮೆಸ್ಸುಗಳಿಗೆ ಒಯ್ಯುತ್ತಾರೆ. ಒಂದನೇ ತಾರೀಖಿನಿಂದ ಇನ್ನೂ ಮೂರು ಮೆಸ್ಸು ಸಿಗಲಿವೆ, ಸ್ವಂತ ಗಾಡಿಯಿದ್ದರೆ.

ಹೊಸದನ್ನೇ ಕೊಳ್ಳಬಹುದಲ್ಲ ಎಂದೆ.

"ಹೊಸಾದಕ್ಕ ಹತ್ತು ಲಕ್ಷರಿ. ಕೆಟ್ಟರ ಲ್ಯಾಪ್‌ಟಾಪ್ ಹಚ್ಚಿ ನೋಡಬೇಕಂತ, ಡಾಕ್ಟರ್ ನೋಡಿದಂಗ. ಇದಕ್ಕ ಒಂದು ಪಾನಾ ಇದ್ದರ ಸಾಕು. ಅದಕ್ಕ ಎಲ್ಲಾರೂ ಹಳೇದರ ಬೆನ್ನ ಹತ್ಯಾರ."

ಚಹಾ ಕುಡಿದು ಒಂದು ತಾಸು ಕುಳಿತರು. ಎರಡನೆಯ ಕಪ್ಪನ್ನು ಅಟ್ಟದಿಂದ ಇಳಿಸಬೇಕಾಯಿತು.

ಆಗಸ್ಟ್ 6, ಬುಧವಾರ

ಮಹಡಿಯ ಬಾಡಿಗೆಯ ಹುಡುಗಿ ಅಪೂರ್ವ, ಮೈಸೂರಿನವಳು, ನನ್ನ ಬೆಲೆ ಕೇಳಿ ಹಣೆ ಹಿಡಿದುಕೊಂಡಳು.

"ಅಂಕಲ್, ಮಾರ್ಕೆಟ್ ನೋಡಿದೀರಾ? ಈಗ ಎರಡು ಲಕ್ಷದ ಕೆಳಗೆ ಯಾವ ಪಿಕಪ್ಪೂ ಇಲ್ಲ."

ಅಲ್ಲೇ ಫೋಟೋ ತೆಗೆದು ಜಾಹೀರಾತು ಹಾಕಿದಳು. ಎರಡು ಲಕ್ಷ. ಅಮರೇಶಪ್ಪನವರು ಮುಂಗಡ ಕೊಟ್ಟಿಲ್ಲವಲ್ಲ ಎಂದು ನನ್ನ ಪರವಾಗಿ ನಾನೇ ವಕಾಲತ್ತು ಮಾಡಿ ಗೆದ್ದೆ.

ಸಂಜೆಯೊಳಗೆ ಹದಿನೇಳು ಫೋನ್. ಕಳೆದ ವರ್ಷ ಈ ಫೋನಿಗೆ ಕರೆ ಮಾಡುತ್ತಿದ್ದವರು ಸಾಲ ಕೊಡುವ ಕಂಪನಿಯವರು ಮಾತ್ರ. ವಯಸ್ಸು ಕೇಳಿ ಅವರೂ ಇಟ್ಟುಬಿಡುತ್ತಿದ್ದರು.

ಆಗಸ್ಟ್ 9, ಶನಿವಾರ

ಮನೆ ತುಂಬಾ ಜನ. ನೀರಿನ ಕ್ಯಾನಿನವ ಒಬ್ಬ. ಕಬ್ಬಿಣದವ ಒಬ್ಬ, ಜೊತೆಗೆ ಇಬ್ಬರು ಭಾವಮೈದುನರು. ಎಲ್ಲರೂ ಟೈರಿಗೆ ಒದೆಯುತ್ತಾರೆ, ಕೆಳಗೆ ಬಗ್ಗಿ ನೋಡುತ್ತಾರೆ, ನಿಟ್ಟುಸಿರು ಬಿಡುತ್ತಾರೆ. "ಲಾಸ್ಟ್ ಬೋಲೋ ಸಾಬ್," ಕೊನೆಯ ಬೆಲೆ ಹೇಳಿ ಎನ್ನುತ್ತಾರೆ. ಚಹಾ, ಉಸ್ಮಾನಿಯಾ ಬಿಸ್ಕತ್ತು. ಕಬ್ಬಿಣದವನ ಮಗಳಿಗೆ ಗಂಡು ನೋಡುತ್ತಿದ್ದಾರೆ. ಹುಡುಗ ದುಬೈಯಲ್ಲಿದ್ದಾನಂತೆ. ಬೇಡ ಎಂದೆ. ಗಂಭೀರವಾಗಿ ಕೇಳಿಕೊಂಡರು. ನನ್ನ ಸಲಹೆ ಕೇಳಿ ಎಷ್ಟು ವರ್ಷವಾಗಿತ್ತು...

ಅವರು ಹೋದ ಮೇಲೆ ಹೊಳೆಯಿತು. ಗಾಡಿ ಮಾರಿದರೆ ನಾಳೆ ಯಾರೂ ಬರುವುದಿಲ್ಲ. ತಕ್ಷಣ ಬೆಲೆಯನ್ನು ಎರಡು ಲಕ್ಷ ಮೂವತ್ತು ಸಾವಿರಕ್ಕೆ ಏರಿಸಿದೆ. ಇದು ದುರಾಸೆಯಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ. ಯಾರೂ ಕೊಳ್ಳಬಾರದು, ಎಲ್ಲರೂ ಬರಬೇಕು — ಅರ್ಥಶಾಸ್ತ್ರಕ್ಕೆ ನನ್ನ ಕಿರುಕಾಣಿಕೆ.

ಆಗಸ್ಟ್ 12, ಮಂಗಳವಾರ

ಅಮರೇಶಪ್ಪನವರು ಬಂದರು. ವಸ್ತ್ರದಲ್ಲಿ ಕಟ್ಟಿದ ದುಡ್ಡು, ಒಂದು ಎಂಬತ್ತು.

"ಈಗ ಎರಡು ಮೂವತ್ತು," ಎಂದೆ.

ಗಂಟನ್ನು ಮತ್ತೆ ಚೀಲದಲ್ಲಿಟ್ಟರು. "ಆತ್ರಿ ರಾಯರ. ನೋಡ್ತೀನಿ." ಬಿಸ್ಕತ್ತು ಮುಟ್ಟಲಿಲ್ಲ.

ಮತ್ತೆ ಬರುತ್ತಾರೆ. ಬರದೆ ಎಲ್ಲಿ ಹೋಗುತ್ತಾರೆ.

ಆಗಸ್ಟ್ 21, ಗುರುವಾರ

ಬರೆಯಲು ಪುರುಸೊತ್ತಿಲ್ಲ. ಎಂಥ ಸುಖದ ವಾಕ್ಯ.

ನೀರಿನ ಕ್ಯಾನಿನವ ಎರಡು ಮೂವತ್ತಕ್ಕೆ ಒಪ್ಪಿಬಿಟ್ಟ. ಎರಡು ಅರವತ್ತು ಎಂದೆ. ಬೈದು ಹೋದ. ಎರಡು ದಿನಕ್ಕೆ ತಮ್ಮನನ್ನು ಕರೆತಂದ.

ಅಮರೇಶಪ್ಪನವರು ಮಾತ್ರ ಇಲ್ಲ.

ಆಗಸ್ಟ್ 28, ಗುರುವಾರ. ಬೆಳಿಗ್ಗೆ 11

ಬಂದರು. ಸೊರಗಿದ್ದಾರೆ. ಊರೆಲ್ಲ ಸುತ್ತಿದರಂತೆ.

"ಎಲ್ಲಿ ಹೋದರೂ ಒಂದ ಮಾತು ರಾಯರ. ಕಾಚಿಗೂಡದಾಗ ಒಬ್ಬ ಮುದುಕ ಎರಡು ಅರವತ್ತಕ್ಕೂ ಕೊಡವಲ್ಲ, ನಮ್ಮದೇನು ಕಮ್ಮಿ ಅಂತಾರ. ಮುದುಕ ಅಂದದ್ದು ಅವರು, ನಾ ಅಲ್ಲ."

ಪೇಟೆಯ ಬೆಲೆ ಏರಿಸಿದ ಮಹಾನುಭಾವನಾಗಿ ತಲೆ ತಗ್ಗಿಸಿದೆ.

"ಸೋಮವಾರ ಮೆಸ್ಸಿನವರಿಗೆ ಆಗೂದಿಲ್ಲ ಅಂತೀನಿ. ನಮ್ಮಕಿ ರೊಟ್ಟಿ ಬಡಿಯಾಕ ಇಬ್ಬರು ಹೆಣಮಕ್ಕಳನ್ನ ಕರಕೊಂಡಿದ್ದಳು. ಅವರಿಗೂ ಬ್ಯಾಡ ಅನಬೇಕು."

ಹಾಗಾದರೆ ಇಲ್ಲಿಗೆ ಯಾಕೆ ಬಂದಿರಿ ಎಂದೆ.

"ನೀವು ಕಾಯಾಕತ್ತಿರ್ತೀರಿ. ಹೇಳಿ ಹೋಗೂಣು ಅಂತ ಬಂದೆ."

ಕಾಯುತ್ತಿದ್ದೆ ಎಂದು ಇವರಿಗೆ ಹೇಗೆ ಗೊತ್ತಾಯಿತೋ. ಒಳಗೆ ಹೋಗಿ ಕೀಲಿ ತಂದೆ.

"ಒಂದು ಎಂಬತ್ತು. ತಗೊಂಡು ಹೋಗ್ರಿ."

"ಎದಕ್ಕ ರಾಯರ?"

"ಬ್ಯಾಟರಿ ಹಳೇದೈತಿ," ಎಂದೆ. ಅದಕ್ಕಿಂತ ಒಳ್ಳೆಯ ಕಾರಣ ಬಾಯಿಗೆ ಬರಲಿಲ್ಲ.

ಆಗಸ್ಟ್ 30, ಶನಿವಾರ

ಒಯ್ದರು. ಅಂಬುಬಾಯಿ ಮುಂದಿನ ಸೀಟಿನಲ್ಲಿ ಕುಳಿತರು, ಮಡಿಲಲ್ಲಿ ಪರ್ಸು, ಮುಖದಲ್ಲಿ ಮಹಾರಾಣಿಯ ಗತ್ತು. ನಮ್ಮ ಮಂಡಳಿಯಲ್ಲಿ ಯಾರಿಗೂ ಅದು ಬಂದಿರಲಿಲ್ಲ. ನನಗೆ ಇಪ್ಪತ್ತು ರೊಟ್ಟಿ ಕೊಟ್ಟರು.

"ಬರ್ತಿರ್ರಿ," ಎಂದೆ.

"ಬರ್ತೀವ್ರಿ," ಎಂದರು ಇಬ್ಬರೂ.

ದಿನಾ ಪಟಾನ್‌ಚೆರುವಿಗೆ ಹೋಗಿ ಬರುವವರು. ಎಲ್ಲಿ ಬರುತ್ತಾರೆ.

ಅಪೂರ್ವ ಕೇಳಿದಳು, "ಜಾಹೀರಾತು ತೆಗೆದುಬಿಡ್ಲಾ ಅಂಕಲ್?"

ನಾಳೆ ನೋಡೋಣ ಎಂದೆ.

ಸೆಪ್ಟೆಂಬರ್ 3, ಬುಧವಾರ. 9.40

ನಾಲ್ಕು ದಿನ. ಇಪ್ಪತ್ತೂ ರೊಟ್ಟಿ ಮುಗಿದವು. ಯಾರೊಂದಿಗೂ ಮಾತಿಲ್ಲ.

ಎಂಟು ಗಂಟೆಗೆ ಫೋನ್ ಬಂತು, ಜಾಹೀರಾತು ನೋಡಿದವನದು. "ಸಾಬ್, ಗಾಡಿ ಹೈ ಕ್ಯಾ?"

ಮಾರಿಯಾಯಿತು ಎನ್ನಬೇಕಿತ್ತು. ಅಷ್ಟೇ. "ಹೈ, ಆಜಾವ್," ಇದೆ, ಬಾ ಎಂದುಬಿಟ್ಟೆ.

ಕೆಲಸ ಬಿಟ್ಟು ಎರಡು ಬಸ್ಸು ಬದಲಿಸಿ ಬರುತ್ತಾನಂತೆ. ತಿರುಗಿ ಫೋನ್ ಮಾಡಿ ಬೇಡ ಎನ್ನಬಹುದಿತ್ತು. ಇನ್ನೂ ಸಮಯವಿತ್ತು, ಮಾಡಲಿಲ್ಲ. ಸ್ನಾನ ಮಾಡಿದೆ. ಇಸ್ತ್ರಿಯ ಅಂಗಿ ಹಾಕಿಕೊಂಡೆ. ಚಹಾಕ್ಕೆ ನೀರಿಟ್ಟಿದ್ದೇನೆ.

ಗಾಡಿ ರಿಪೇರಿಗೆ ಹೋಗಿದೆ, ಇನ್ನೇನು ಬರುತ್ತದೆ, ಕೂಡಿ ಎನ್ನಬಹುದು. ಅರ್ಧ ತಾಸು ಕೂಡುತ್ತಾನೆ. ಮಾತಿನವನಾಗಿದ್ದರೆ ಮುಕ್ಕಾಲು ತಾಸು. ಆಮೇಲೆ ಹೇಳಿದರಾಯಿತು. ಆಮೇಲೆ ಅವನ ಮುಖ ಹೇಗೆ ನೋಡಲಿ... ಗೇಟಿನ ಸದ್ದಾಯಿತು. ಹೋಗಿ ಬಾಗಿಲು ತೆಗೆಯುತ್ತೇನೆ.