ಇಪ್ಪತ್ತಾರು ಗಂಟೆಯ ಬೆಂಕಿ

ಅಕ್ಟೋಬರ್ 19, ಬೆಳಿಗ್ಗೆ 6.40

ಎಂಟೇ ಗಂಟೆ ಉರಿದು ಆರಿದೆ. ಮತ್ತೆ. ಬೂದಿಯಲ್ಲಿ ನಾಲ್ಕು ಕೆಂಡ. ಕೋಟು ಹಾಕಿಕೊಂಡೇ ಕಾಫಿ ಕುಡಿದೆ.

ಹೊಸ ಒಲೆ ಬಂದು ಒಂಬತ್ತು ದಿನ. ಇಪ್ಪತ್ತು ಗಂಟೆ ಉರಿಯುತ್ತದೆ ಎಂದು ಎಲ್ವಿನ್ ಜೋಡಿಸಿ ಹೋದ. ನನಗೆ ಹದಿನೈದು ಸಾಕು. ಡಯಾಲಿಸಿಸ್ ವಾರ್ಡಿನಲ್ಲಿ ಹನ್ನೆರಡು ಗಂಟೆಯ ಶಿಫ್ಟ್, ಹೋಗಿ ಬರಲು ಎರಡು. ಕಳೆದ ಜನವರಿಯಲ್ಲಿ ಮನೆಗೆ ಬಂದಾಗ ಪೈಪು ಒಡೆದು ಅಡುಗೆಮನೆಯ ನೆಲವೆಲ್ಲ ಮಂಜುಗಡ್ಡೆ. ಕೊಡಲಿಯಲ್ಲಿ ಕಡಿದು ಹೊರಗೆ ಎಸೆದೆ. ಇನ್ನೊಮ್ಮೆ ಅದು ಬೇಡ.

ಕೆರೆಯಾಚೆ ನಾರ್ಮಂಡನ ಚಿಮ್ನಿಯಲ್ಲಿ ಹೊಗೆ ಎದ್ದಿದೆ. ನೋಡಿದೆ. ಅಷ್ಟೇ.

ಅಕ್ಟೋಬರ್ 24

ಎಲ್ವಿನ್ ಬಂದಿದ್ದ. ಸೌದೆಗೆ ತೇವದ ಮೀಟರ್ ಚುಚ್ಚಿದ — ನೂರಕ್ಕೆ ಇಪ್ಪತ್ತೇಳು. ನಕ್ಕ. “ಒಲೆ ತಪ್ಪಲ್ಲ ಜೋಸ್ಲಿನ್. ನೀನು ಮನೆ ಕಾಯಿಸ್ತಿಲ್ಲ, ನೀರು ಕಾಯಿಸ್ತಿದೀಯ.”

ಇನ್ನೊಮ್ಮೆ ಎಲ್ಲ ಹೇಳಿಕೊಟ್ಟ. ಒಲೆಯ ನೆತ್ತಿಯಲ್ಲಿ ಜೇನುಗೂಡಿನಂಥ ಬಿಲ್ಲೆ. ಹೊತ್ತಿಸುವಾಗ ಅದರ ಪಕ್ಕದ ಕಿರುಬಾಗಿಲು, ಬೈಪಾಸ್, ತೆರೆದಿರಬೇಕು, ಹೊಗೆ ನೇರ ಮೇಲೆ ಹೋಗುತ್ತದೆ. ಶಾಖ ತೋರಿಸುವ ಮುಳ್ಳು ಗೆರೆ ದಾಟಿದ ಮೇಲೆ ಬೈಪಾಸ್ ಮುಚ್ಚಬೇಕು. ಆಮೇಲೆ ಹೊಗೆ ಬಿಲ್ಲೆಯ ತೂತುಗಳಲ್ಲೇ ನುಸುಳಬೇಕು, ಅಲ್ಲೇ ಸುಟ್ಟುಹೋಗುತ್ತದೆ. ಅರ್ಧ ಗಂಟೆ ಜೋರು ಉರಿ, ನಂತರ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡುತ್ತ ಹೋಗುವುದು.

“ಹೊಗೆ ಅಂದ್ರೆ ಉರೀದೇ ಉಳಿದ ಸೌದೆ. ಆಕಾಶಕ್ಕೆ ಯಾಕೆ ದಾನ ಮಾಡ್ತೀಯ?”

ಶೆಡ್ಡಿನ ಹಿಂದೆ ಅಮ್ಮನ ಕಾಲದ ಮೇಪಲ್ ಸೌದೆ ಇದೆ. ಆರು ವರ್ಷ ಒಣಗಿದ್ದು. ಅದನ್ನೇ ಸುಡುವುದು.

ನವೆಂಬರ್ 3

ಹದಿನಾಲ್ಕು ಗಂಟೆ! ಶಿಫ್ಟ್ ಮುಗಿಸಿ ಬಂದರೆ ಮನೆ ಬೆಚ್ಚಗೆ. ಕೋಟು ಬಿಚ್ಚಿ ಸುಮ್ಮನೆ ನಿಂತೆ. ಯಾರೋ ಕಾದುಕೊಂಡಿದ್ದ ಹಾಗೆ.

ಹೊಗೆ ಈಗ ಬೆಳಿಗ್ಗೆ ಸೌದೆ ತುಂಬುವಾಗ ಮಾತ್ರ, ಇಪ್ಪತ್ತು ನಿಮಿಷ. ಬೈಪಾಸ್ ಮುಚ್ಚಿದ ಮೇಲೆ ಹೊರಗೆ ಹೋಗಿ ನೋಡಿದೆ. ಚಿಮ್ನಿಯ ಬಾಯಲ್ಲಿ ಗಾಳಿ ನಡುಗುತ್ತದೆ, ಬೇರೇನೂ ಇಲ್ಲ. ತಣ್ಣನೆಯ ದಿನ ಒಂದೆಳೆ ಹಬೆ.

ಇಪ್ಪತ್ತು ನಿಮಿಷ ಸಾಕು ಅವನಿಗೆ.

ಇದನ್ನು ಯಾಕೆ ಬರೆದೆ? ಬರೆದೆನಲ್ಲ, ಪೂರ್ತಿ ಬರೆದುಬಿಡುತ್ತೇನೆ. ಈ ಕೆರೆಯ ಜನ ಬೆಳಿಗ್ಗೆ ಎದ್ದು ಮೊದಲು ನೋಡುವುದು ಎದುರು ದಡದ ಚಿಮ್ನಿ. ಹೊಗೆ ಇದ್ದರೆ ಬದುಕಿದ್ದಾರೆ. ಇಲ್ಲದಿದ್ದರೆ ಹೋಗಿ ನೋಡಬೇಕು. ಹಾಗೆಂದು ಕಲಿಸಿದವಳು ಅಮ್ಮ. ಅಮ್ಮನನ್ನು ಕೊನೆಗೆ ಆಸ್ಪತ್ರೆಗೆ ಸೇರಿಸಿದವಳು ನಾನು. ಮನೆಯಲ್ಲೇ ಇರಲಿ ಎಂದವನು ಅಣ್ಣ ನಾರ್ಮಂಡ್. ಹನ್ನೊಂದು ದಿನ ನಳಿಗೆಗಳ ನಡುವೆ ಇದ್ದು ಹೋದಳು. “ಅಮ್ಮನ್ನ ಯಂತ್ರಕ್ಕೆ ಕೊಟ್ಬಿಟ್ಟೆ ನೀನು” ಅಂದ. ಗೋರಿಯ ಪಕ್ಕದಲ್ಲೇ ಅಂದ. ಅದೇ ಕೊನೆಯ ಮಾತು. ಆರು ವರ್ಷ.

ನೋಡುವುದನ್ನು ಮಾತ್ರ ಇಬ್ಬರೂ ಬಿಟ್ಟಿಲ್ಲ. ಎರಡು ಚಳಿಗಾಲದ ಹಿಂದೆ ಒಂದು ದಿನ ಒಂಬತ್ತಾದರೂ ಅವನ ಹೊಗೆ ಇಲ್ಲ. ಅಂಗಡಿಯ ಕ್ಲಾರಿಸ್‌ಗೆ ಫೋನ್ ಮಾಡಿ ನೋಡಿಬರಲು ಕಳಿಸಿದೆ. ಅವನು ಬೇಟೆಗೆ ಹೋಗಿದ್ದನಂತೆ. ಇನ್ನೂ ಸತ್ತಿಲ್ಲ ಅಂತ ಹೇಳು ಅವಳಿಗೆ, ಎಂದು ಹೇಳಿಕಳಿಸಿದ. ಮಾರನೆಯ ಬೆಳಿಗ್ಗೆಯಿಂದ ಉರಿಯ ಮೇಲೆ ಫರ್ ಮರದ ಒಂದು ಹಸಿ ಕೊಂಬೆ ಎಸೆಯುತ್ತಾನೆ. ಕುರಿಮರಿಯಂಥ ಬಿಳಿ ಹೊಗೆ. ಕುರುಡರಿಗೂ ಕಾಣಬೇಕು.

ನವೆಂಬರ್ 16

ಬಕ್‌ವೀಟ್ ಹಿಟ್ಟು ತರಲು ಅಂಗಡಿಗೆ ಹೋಗಿದ್ದೆ. ಒಲೆಯ ಪ್ರತಾಪ ಕೊಚ್ಚಿಕೊಂಡೆ — ಹದಿನೆಂಟು ಗಂಟೆ, ಹೊಗೆಯೇ ಇಲ್ಲ. ಕ್ಲಾರಿಸ್ ತೂಕ ಮಾಡುತ್ತಿದ್ದವಳು ತಲೆ ಎತ್ತಿದಳು.

“ಹೊಗೆ ಇಲ್ಲ ಅಂದ್ರೆ ನಿಮ್ಮಣ್ಣ ಏನಂದ್ಕೋಬೇಕು?”

“ಕಣ್ಣಿದೆಯಲ್ಲ, ನೋಡ್ಕೊಳ್ಳಲಿ. ಅಷ್ಟು ಬೇಕಾದ್ರೆ ಬಂದು ಬಾಗಿಲು ತಟ್ಲಿ.”

“ನಾನೇ ಹೇಳ್ಲಾ, ಹೊಸ ಒಲೆ ಬಂದಿದೆ ಅಂತ?”

“ಬೇಡ.”

“ನೀವಿಬ್ಬರೂ ಒಂದೇ ಮರದ ಸೌದೆ ಕಣೇ,” ಅಂದಳು. “ಸೀಳೋಕೆ ಹೋದ್ರೆ ಕೊಡಲಿ ಮುರಿಯುತ್ತೆ.”

ಬೇಡ ಎಂದದ್ದು ಯಾಕೆ? ಬೆಳಗಿನ ಹೊಗೆ ಇನ್ನೂ ಇದೆಯಲ್ಲ, ಅದಕ್ಕೆ. ಪೂರ್ತಿ ನಿಜವೇ? ಅಲ್ಲ. ಒಂದು ದಿನ ಅವನೂ ಕಿಟಕಿಯಲ್ಲಿ ಒಂಬತ್ತರವರೆಗೆ ನಿಲ್ಲಲಿ ಅನಿಸಿತು. ಅನಿಸಿದ್ದು ಹೌದು.

ನವೆಂಬರ್ 29

ಇಪ್ಪತ್ತೆರಡು. ದೊಡ್ಡ ತುಂಡು ಕೆಳಗೆ, ಒತ್ತೊತ್ತಾಗಿ. ಸಂದು ಬಿಟ್ಟರೆ ಬೇಗ ಮುಗಿಯುತ್ತದೆ. ಕೆರೆ ಅಂಚಿನಲ್ಲಿ ಹೆಪ್ಪುಗಟ್ಟಿದೆ.

ಡಿಸೆಂಬರ್ 4, ಸಂಜೆ 6

ಇಪ್ಪತ್ತಾರು ಗಂಟೆ. ಎಲ್ವಿನ್‌ಗೆ ಫೋನ್ ಮಾಡಿ ಹೇಳಿದೆ. ನಂಬಲಿಲ್ಲ.

ಇನ್ನು ದಿನಕ್ಕೊಂದೇ ಸಲ, ಸಂಜೆ ತುಂಬಿದರೆ ಸಾಕು. ನಸುಕಿನಲ್ಲೆದ್ದು ಬೂದಿ ಕೆದಕುವ ಕೆಲಸ ಮುಗಿಯಿತು. ಐದು ದಿನ ರಜೆ. ನಿದ್ದೆ.

ಡಿಸೆಂಬರ್ 6

ನಿನ್ನೆ ಮಧ್ಯಾಹ್ನದಿಂದ ಹಿಮ. ಕರೆಂಟು ಇಲ್ಲ, ಫೋನೂ ಸತ್ತಿದೆ. ರಸ್ತೆಯ ಹಿಮ ತೆಗೆಯುವ ಗಾಡಿ ಬಂದಿಲ್ಲ. ಒಲೆಗೆ ಇದ್ಯಾವುದರ ಗೊಡವೆಯೂ ಇಲ್ಲ. ತನ್ನ ಪಾಡಿಗೆ ತಾನು.

ಬೆಳಿಗ್ಗೆ ಹಿಮ ಸ್ವಲ್ಪ ಬಿಟ್ಟಾಗ ನಾರ್ಮಂಡನ ಚಿಮ್ನಿಯಿಂದ ಬಿಳಿ ಹೊಗೆ. ಹತ್ತಕ್ಕೆ ಮತ್ತೊಮ್ಮೆ. ಮಧ್ಯಾಹ್ನ ಮತ್ತೆ. ಒಂದು ಫರ್ ಮರವನ್ನೇ ಸುಡುತ್ತಿದ್ದಾನೋ ಏನೋ. ಏನು ಗತ್ತು.

ಡಿಸೆಂಬರ್ 7, ಬೆಳಿಗ್ಗೆ 8.15

ಆಕಾಶ ತೊಳೆದ ಹಾಗಿದೆ. ಸೊನ್ನೆಗಿಂತ ಹದಿನೆಂಟು ಕೆಳಗೆ. ಒಳಗೆ ಎಪ್ಪತ್ತೊಂದು ಫ್ಯಾರನ್‌ಹೀಟ್, ಬರಿಗಾಲಲ್ಲಿದ್ದೇನೆ. ಒಲೆಯ ಮೇಲೇ ಕಾವಲಿಯಿಟ್ಟು ಬಕ್‌ವೀಟ್ ದೋಸೆ, ಪ್ಲೋಯ್, ಹುಯ್ದೆ, ಒಂದೇ ಮಗ್ಗುಲು ಬೇಯಿಸಿ ಅಮ್ಮ ಮಾಡುತ್ತಿದ್ದ ಹಾಗೆ. ಮೇಲೆಲ್ಲ ಕಣ್ಣು ಕಣ್ಣು ಬಂತು. ಬೆಣ್ಣೆ, ಕಾಕಂಬಿ. ಐದು ತಿಂದೆ.

ಅವನ ಹೊಗೆ ಎದ್ದಿದೆ, ತೆಳ್ಳಗೆ. ಇವತ್ತು ಕೊಂಬೆ ಎಸೆದಿಲ್ಲ.

ಡಿಸೆಂಬರ್ 19

ಬರೆಯಬೇಕು.

ನಾರ್ಮಂಡ್ ಹೋದ. ಏಳರ ಬೆಳಿಗ್ಗೆಯೇ. ನಾನು ಪ್ಲೋಯ್ ತಿನ್ನುತ್ತಿದ್ದಾಗ ಅವನು ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದು ಬರುತ್ತಿದ್ದ. ತೊರೆ ಬಂದು ಸೇರುವ ಕಡೆ ಹೆಪ್ಪು ತೆಳುವಾಗಿರುತ್ತದೆ. ನಮಗೆ ಇದು ಮಕ್ಕಳಾಗಿದ್ದಾಗಿನಿಂದ ಗೊತ್ತು. ಅವನೇ ನನಗೆ ಕಂಬಿಯಲ್ಲಿ ಕುಟ್ಟಿ ತೋರಿಸಿದ್ದ. ಆದರೆ ಮೇಲೆ ಎರಡಡಿ ಹಿಮ ಬಿದ್ದಿತ್ತು. ಸುತ್ತಿ ಬರುವ ಬದಲು ನೇರ ಬಂದ. ಅವಸರ ಇತ್ತು.

ಮಧ್ಯಾಹ್ನ ರಸ್ತೆ ತೆರೆಯಿತು. ಮೊದಲು ಬಂದವನು ಕಾಡು, ಕೆರೆ ಕಾಯುವ ವಾರ್ಡನ್. ಆಚೆ ದಡದಿಂದ ಯಾರೋ ಹೆಜ್ಜೆಗಳನ್ನು ನೋಡಿದ್ದರಂತೆ. ಹೆಜ್ಜೆಗಳಿದ್ದವು, ಆಮೇಲೆ ಇರಲಿಲ್ಲ.

ಹುಡುಗ ವಯಸ್ಸಿನ ವಾರ್ಡನ್. ಟೋಪಿ ಕೈಯಲ್ಲಿ ಹಿಡಿದುಕೊಂಡಿದ್ದ. “ನೀರಿನ ಮೇಲೆ ಬರ್ಚ್ ಮರದ ತೊಗಟೆ ತೇಲ್ತಿತ್ತು, ಸೀಳಿದ ಚಕ್ಕೆಗಳೂ. ಬೆನ್ನಿನ ಚೀಲದ ತುಂಬ ಒಣ ಸೌದೆ ಮೇಡಂ. ಬಾಟಲಿಯಲ್ಲಿ ಬೆಂಕಿಕಡ್ಡಿ. ಒಂದು ಡಬ್ಬಿ ಕೋಳಿ ಸಾರು. ಇಲ್ಲಿಗೆ ಸೌದೆ ಯಾಕೆ ಹೊತ್ಕೊಂಡು ಬರ್ತಿದ್ರು?”

ನನ್ನ ಒಲೆ ಆ ಹುಡುಗನ ಬೆನ್ನ ಹಿಂದೆ ಉರಿಯುತ್ತಿತ್ತು. ಸದ್ದಿಲ್ಲದೆ. ಗೊತ್ತಿಲ್ಲ ಅಂದೆ.

ಡಿಸೆಂಬರ್ 22

ಹಿಂದಿನ ಪುಟಗಳನ್ನು ಓದಿದೆ. ಹೊಗೆ ನಿಂತದ್ದು ಐದನೆಯ ತಾರೀಖು ಬೆಳಿಗ್ಗೆ. ಸಂಜೆ ತುಂಬುವಾಗಿನ ಹೊಗೆ ಕತ್ತಲಲ್ಲಿ ಕಾಣುವುದಿಲ್ಲ. ಮೂರು ಬೆಳಗು. ಎರಡನೆಯ ಬೆಳಗು ಅವನು ಮೂರು ಸಲ ಕೇಳಿದ. ‘ಏನು ಗತ್ತು’ ಎಂದು ಬರೆದಿದ್ದೇನೆ.

ಮರೆತಿದ್ದೆ ಎಂದು ಹೇಳಿಕೊಳ್ಳಬಹುದಿತ್ತು. ನವೆಂಬರ್ ಹದಿನಾರರ ಪುಟ ಇಲ್ಲದಿದ್ದರೆ. ನನ್ನದೇ ಅಕ್ಷರ.

ಕ್ಲಾರಿಸ್ ಕ್ರಿಸ್‌ಮಸ್‌ಗೆ ಮಾಂಸದ ಕಡುಬು ತಂದಳು. ಮೇಜಿನ ಮೇಲಿಟ್ಟು ನನ್ನ ಮುಖ ನೋಡದೆ ಹೋದಳು. ಬಾಗಿಲಲ್ಲಿ ಮಾತ್ರ, “ಹೇಳಿಬಿಡಬೇಕಿತ್ತು ನಾನು. ನಿನ್ನ ಮಾತು ಯಾಕೆ ಕೇಳಿದೆನೋ” ಅಂದಳು.

ಜನವರಿ 11

ನಾರ್ಮಂಡನ ಮನೆಗೆ ಹೋದೆ, ಅವನ ಸಾಮಾನು ಜೋಡಿಸಿಡಲು. ಆರು ವರ್ಷದಲ್ಲಿ ಮೊದಲ ಸಲ. ರಸ್ತೆಯಲ್ಲೇ ಹೋದೆ, ಹನ್ನೊಂದು ಮೈಲಿ.

ಹಳೆಯ ಕಬ್ಬಿಣದ ಒಲೆ. ಪಕ್ಕದಲ್ಲಿ ಫರ್ ಕೊಂಬೆಗಳ ರಾಶಿ, ಮೊಳದುದ್ದಕ್ಕೆ ಕತ್ತರಿಸಿದ್ದು. ಸೂಜಿಯಂಥ ಎಲೆಗಳು ಕಂದು ಬಣ್ಣಕ್ಕೆ ತಿರುಗಿವೆ. ಅಮ್ಮನ ಕುರ್ಚಿ ಅವನ ಹತ್ತಿರವೇ ಇತ್ತು, ಒಲೆಯ ಕಡೆಗೆ ಬೆನ್ನು ಹಾಕಿ ಕಿಟಕಿಗೆ ತಿರುಗಿಸಿದ್ದ. ಕಿಟಕಿಯ ಹಲಗೆಯ ಮೇಲೆ ದುರ್ಬೀನು.

ಕೂತೆ. ಬೆಳಿಗ್ಗೆ ಏಳೂವರೆ ಇರಬೇಕು. ಕಣ್ಣಿಗಿಟ್ಟುಕೊಂಡೆ.

ನನ್ನ ಮನೆ ಕಂಡಿತು. ಕಿಟಕಿಗಳು ಕಾಣುವುದಿಲ್ಲ, ಸ್ಪ್ರೂಸ್ ಮರಗಳು ಅಡ್ಡ. ಮಾಡು, ಮಾಡಿನ ಮೇಲೆ ಹಿಮ, ಚಿಮ್ನಿ. ಒಳಗೆ ಹದಿಮೂರು ಗಂಟೆಯಿಂದ ಚೆನ್ನಾಗಿ ಉರಿಯುತ್ತಿದೆ ಎಂದು ನನಗೆ ಗೊತ್ತು. ತುಂಬಿ ಬಂದವಳು ನಾನೇ. ಆದರೂ ಎದ್ದುಬಿಟ್ಟೆ. ಸತ್ತ ಮನೆ ಅದು.

ಜನವರಿ 30

ಎಲ್ವಿನ್ ಬೈದ. ನಾನು ದಿನಾ ಬೆಳಿಗ್ಗೆ ಎಸೆಯುವ ಹಸಿ ಕೊಂಬೆಯ ಮೇಣ, ಮಸಿ — ಬಿಲ್ಲೆಯ ತೂತುಗಳೆಲ್ಲ ಕಟ್ಟಿವೆ. ಹೀಗೆ ಮಾಡಿದರೆ ಚಿಮ್ನಿಗೇ ಬೆಂಕಿ ಹತ್ತುತ್ತದೆ ಅಂದ. ಒಂಬತ್ತು ಗಂಟೆಗಿಂತ ಹೆಚ್ಚು ಉರಿಯುತ್ತಿಲ್ಲ. ಯಾರಿಗೆ ತೋರಿಸ್ತಿದೀಯ ಎಂದು ಕೇಳಬಹುದಿತ್ತು. ಬಿಲ್ಲೆಯನ್ನು ತೊಳೆದು ಒಣಗಿಸಿ ಕೂರಿಸಿ ಹೋದ.

ಫೆಬ್ರವರಿ 2, ಬೆಳಿಗ್ಗೆ 6.50

ಗಾಳಿ ಇಲ್ಲ. ಬೈಪಾಸ್ ತೆರೆದೆ. ಮೇಪಲ್ ಎರಡು ತುಂಡು, ಮೇಲೆ ಅವನ ರಾಶಿಯಿಂದ ತಂದ ಒಂದು ಕೊಂಬೆ. ಒಣಗಿದೆ, ಚಟಪಟ ಅಂತು. ಹಸಿಯದೊಂದು ಮುರಿದು ತಂದು ಹಾಕಿದೆ. ಮುಳ್ಳು ಗೆರೆ ದಾಟಿತು. ಮುಚ್ಚಲಿಲ್ಲ.

ಹೊರಗೆ ಹೋಗಿ ನೋಡಿದೆ. ನೇರ ಎದ್ದಿದೆ, ಬೆಳ್ಳಗೆ, ದಟ್ಟವಾಗಿ. ಕೆರೆಯ ಎಲ್ಲ ದಡಕ್ಕೂ ಕಾಣುವ ಹಾಗೆ.

ಆಮೇಲೆ ಅಭ್ಯಾಸಬಲದಿಂದ ತಿರುಗಿ ಆಚೆ ದಡದ ಚಿಮ್ನಿಯಲ್ಲಿ ಹೊಗೆ ಇದೆಯೇ ಎಂದು ನೋಡಿದೆ.